ಹಿಂದಿನ ಕೋಣೆಯ 410 ಹಂಚು

ನಮ್ಮ ಅಜ್ಜನ ಮನೆಯ ಹಂಚು ಇಳಿಸಿದ್ದು ಕಳೆದ ವರ್ಷ ಮಾರ್ಚಿನಲ್ಲಿ. ಮಂಗಳೂರಿನ ಜೆಪ್ಪು ಕಡೆಯ ಹಳೆಯ ಚಿಕ್ಕ ಮನೆ. ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ಇನ್ನೊಂದು ಮಳೆಗಾಲ ತಡೆಯುವುದಿಲ್ಲ ಎಂದು ಮೇಸ್ತ್ರಿ ಮೊದಲೇ ಹೇಳಿದ್ದರು. ಹಳೆ ಹಂಚಿಗೆ ಈಗ ಒಳ್ಳೆ ಬೇಡಿಕೆ ಇದೆ, ರೆಸಾರ್ಟ್ ಕಟ್ಟುವವರು ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಒಂದೊಂದೇ ಇಳಿಸಿ, ಒಡೆದದ್ದು ಬೇರೆ, ಗಟ್ಟಿ ಇದ್ದದ್ದು ಬೇರೆ ಮಾಡಿ ಅಂಗಳದಲ್ಲಿ ಜೋಡಿಸುತ್ತಿದ್ದರು. ಎರಡನೇ ದಿನ ಮಧ್ಯಾಹ್ನ ಮೇಸ್ತ್ರಿ ನನ್ನನ್ನು ಕರೆದರು. "ಮೇಡಂ, ಇದರಲ್ಲಿ ಎರಡು ಕಂಪನಿಯದ್ದು ಉಂಟು. ಮುಂದಿನದ್ದು ಒಂದು, ಹಿಂದಿನ ಕೋಣೆಯದ್ದು ಇನ್ನೊಂದು."

ಎರಡನ್ನೂ ತೊಳೆದು ಪಕ್ಕಪಕ್ಕ ಇಟ್ಟೆ. ಅಳತೆ ಒಂದೇ, ಬಣ್ಣ ಒಂದೇ, ಕೂಡಿಸುವ ಗೆರೆಗಳೂ ಒಂದೇ. ಒಂದರ ಮೇಲೆ ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865 ಎಂದಿತ್ತು. ಬಾಸೆಲ್ ಮಿಶನ್ ಅಂದ್ರೆ ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಶನರಿಗಳ ಸಂಸ್ಥೆ. 1865 ಅಂದ್ರೆ ಹಂಚು ಮಾಡಿದ ವರ್ಷ ಅಲ್ಲ, ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಇನ್ನೊಂದರ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಲಿಮಿಟೆಡ್ ಎಂದಿತ್ತು.

ದೊಡ್ಡಮ್ಮ ಜಗಲಿಯಲ್ಲಿ ಕೂತಿದ್ದರು. ಅವರಿಗೆ ಈಗ 81. ಹಂಚು ನೋಡಿದವರೇ, "ಇದು ಜರ್ಮನಿ ದೊರೆಗಳ ಕಾಲದ್ದು, ಅದು ಇಂಗ್ಲಿಷಿನವರ ಕಾಲದ್ದು. ಕಾರ್ಖಾನೆ ಒಂದೇ ಮಗಾ. ಯುದ್ಧ ಆಯ್ತಲ್ಲ, ದೊರೆಗಳನ್ನು ಹಿಡ್ಕೊಂಡು ಹೋದ್ರು. ಮತ್ತೆ ಹೆಸರು ಬದಲಾಯ್ತು" ಎಂದರು. ಇಷ್ಟು ಹೇಳಿ ಅಡಿಕೆ ಕತ್ತರಿಸಲು ಶುರು ಮಾಡಿದರು.

ನಾನು ಅಲ್ಲೇ ನಿಂತೆ. ನಮ್ಮ ಮನೆಯ ದೊಡ್ಡ ಬೈಬಲ್ಲಿನ ಮೊದಲ ಖಾಲಿ ಪುಟದಲ್ಲಿ ಅಜ್ಜನ ಕೈಬರಹದ ಒಂದು ಸಾಲು ಇದೆ: "ಈ ಮನೆಯನ್ನು ನನ್ನ ತಂದೆಯವರು 1911ರಲ್ಲಿ ಕಟ್ಟಿಸಿದರು." ಅಜ್ಜನ ತಂದೆ, ಅಂದರೆ ನನ್ನ ಪಿಜ್ಜ. ನಮ್ಮ ಕಡೆ ಮುತ್ತಜ್ಜನಿಗೆ ಪಿಜ್ಜ ಅಂತಲೇ ಹೇಳುವುದು. ಅವರು ಹಂಚಿನ ಕಾರ್ಖಾನೆಯಲ್ಲಿದ್ದರು, ಜ್ವರ ಬಂದು ಸಣ್ಣ ಪ್ರಾಯದಲ್ಲಿ ತೀರಿಹೋದರು. ಅವರ ಬಗ್ಗೆ ಮನೆಯಲ್ಲಿ ಉಳಿದಿದ್ದ ಕಥೆ ಇಷ್ಟೇ. ಹಾಗಾದರೆ ಹಿಂದಿನ ಕೋಣೆ ಯಾರು ಕಟ್ಟಿಸಿದ್ದು? ಯಾವ ವರ್ಷ?

ಆ ಎರಡು ಹಂಚಿನಿಂದ ಶುರುವಾದ ಹುಡುಕಾಟ ಒಂದು ವರ್ಷ ಹಿಡಿಯಿತು.

ಮೊದಲು ಮಾಡಿದ್ದು ದೊಡ್ಡಮ್ಮನ ಬಾಯಿಂದ ಬಂದದ್ದನ್ನೆಲ್ಲ ಬರೆದುಕೊಂಡದ್ದು. ಯಾರಾದರೂ ಇಂಥ ಕೆಲಸಕ್ಕೆ ಇಳಿಯುವುದಾದರೆ ಮನೆಯ ಹಿರಿಯರಿಂದಲೇ ಶುರುಮಾಡಿ. ಕಾಗದ ಕಾಯುತ್ತದೆ, ಅವರು ಕಾಯುವುದಿಲ್ಲ. "ಯುದ್ಧದ ಬಗ್ಗೆ ಹೇಳಿ" ಎಂದರೆ ದೊಡ್ಡಮ್ಮ ಸುಮ್ಮನಾಗುತ್ತಿದ್ದರು. "ನಿಮ್ಮ ಅಜ್ಜಿ ಏನು ಅಡುಗೆ ಮಾಡ್ತಿದ್ರು, ಎಲ್ಲಿ ಮಲಗ್ತಿದ್ರು" ಎಂದು ಕೇಳಿದರೆ ಗಂಟೆಗಟ್ಟಲೆ ಮಾತು ಬರುತ್ತಿತ್ತು. ದೊಡ್ಡಮ್ಮನ ಅಜ್ಜಿ ಅಂದರೆ ನನ್ನ ಪಿಜ್ಜಿ. ದೊಡ್ಡಮ್ಮನಿಗೆ ಹದಿಮೂರು ಹದಿನಾಲ್ಕು ಆಗುವವರೆಗೂ ಅವರು ಬದುಕಿದ್ದರು.

"ಎಮ್ಡನ್ ಬರ್ತದೆ ಅಂತ ರಾತ್ರಿ ದೀಪ ಆರಿಸಿ ಕೂತ್ಕೊಳ್ತಿದ್ರಂತೆ" ಎಂದರು ಒಂದು ದಿನ. ಎಮ್ಡನ್ ಮೊದಲ ಮಹಾಯುದ್ಧದ ಕಾಲದ ಜರ್ಮನಿಯ ಯುದ್ಧನೌಕೆ. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಕಡಲತೀರಕ್ಕೆ ಬಂದು ಎಣ್ಣೆ ಟ್ಯಾಂಕುಗಳಿಗೆ ಗುಂಡು ಹೊಡೆದು ಬೆಂಕಿ ಹಚ್ಚಿ ಹೋಗಿತ್ತು. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು. ಮದ್ರಾಸಿಗೆ ಬಂದದ್ದು ನಮ್ಮ ಬಂದರಿಗೆ ಬಾರದೆ ಇರುತ್ತದಾ ಎಂಬ ಭಯ ಇಲ್ಲಿನವರಿಗೂ ಹತ್ತಿತ್ತು. ಆ ಹಡಗು ನವೆಂಬರ್ 9ರಂದು ಕೊಕೋಸ್ ದ್ವೀಪದ ಹತ್ತಿರ ಹಾಳಾಯಿತು. ಆದರೆ ಪಿಜ್ಜಿಯ ಬಾಯಲ್ಲಿ ಅದು ಸಾಯಲೇ ಇಲ್ಲ. ಮೊಮ್ಮಕ್ಕಳು ಊಟ ಮಾಡದೆ ಹಠ ಹಿಡಿದರೆ 1950ರ ಹೊತ್ತಿನಲ್ಲೂ "ಎಮ್ಡನ್ ಬರ್ತದೆ ನೋಡು" ಎನ್ನುತ್ತಿದ್ದರಂತೆ.

ಇನ್ನೊಂದು ಮಾತನ್ನು ದೊಡ್ಡಮ್ಮ ಮಾತಿನ ನಡುವೆ ಹಾಗೇ ಹೇಳಿಬಿಟ್ಟರು. ಪಿಜ್ಜಿಯ ನೆತ್ತಿಯಲ್ಲಿ ಕೂದಲು ಇರಲಿಲ್ಲ. ಅಂಗೈ ಅಗಲ ಬೋಳು. ಸ್ನಾನ ಮಾಡಿಸುವಾಗ ನೋಡಿದ್ದು. "ಎಂತದೋ ಕಾಯಿಲೆ ಇರಬೇಕು ಅಂತ ನಾವು ಗ್ರಹಿಸಿದ್ದು" ಎಂದರು. ನಾನು ಅದನ್ನೂ ಬರೆದುಕೊಂಡೆ. ಆಗ ಅದರ ಅರ್ಥ ತಿಳಿಯಲಿಲ್ಲ.

ಎರಡನೆಯದು ಸಭೆಯ, ಅಂದರೆ ಚರ್ಚಿನ, ರಿಜಿಸ್ಟರ್. ನಮ್ಮ ಜನ ಬಾಸೆಲ್ ಮಿಶನಿನ ಸಭೆಗೆ ಸೇರಿದವರು. ಹುಟ್ಟು, ದೀಕ್ಷಾಸ್ನಾನ, ದೃಢೀಕರಣ (ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿ), ಮದುವೆ, ಮರಣ, ಎಲ್ಲವನ್ನೂ ಬರೆದಿಡುವ ಪದ್ಧತಿ. ಪುಸ್ತಕ ಇರುವ ಕಡೆಗೆ ಹೋದರೆ ಮೊದಲ ಸಲ ಕೀಲಿ ಇಟ್ಟುಕೊಂಡವರು ಇರಲಿಲ್ಲ. ಎರಡನೇ ಸಲ ಅರ್ಜಿ ಬರೆದು ತನ್ನಿ ಎಂದರು. ಅರ್ಜಿ ಕೊಟ್ಟು ಐದು ವಾರ ಉತ್ತರವೇ ಇಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಬರಿಗೈಯಲ್ಲಿ ಹಿಂದೆ ಹೋಗುವಾಗ ನಿಜಕ್ಕೂ ಬೇಜಾರಾಗುತ್ತಿತ್ತು. ನಮ್ಮ ಹಿರಿಯರ ಹೆಸರು ನೋಡಲು ನಾವೇ ಇಷ್ಟು ಕಾಡಬೇಕಾ ಎಂದು. ಕೊನೆಗೆ ಒಬ್ಬ ಹಿರಿಯರು ಮುತುವರ್ಜಿ ವಹಿಸಿದರು. ಶನಿವಾರ ಎರಡು ಗಂಟೆ, ಫೋಟೊ ತೆಗೆಯಬಾರದು, ಕೈಯಲ್ಲಿ ಬರೆದುಕೊಳ್ಳಬಹುದು ಎಂಬ ಕರಾರು. ಒಟ್ಟು ನಾಲ್ಕು ಶನಿವಾರ ಕೂತೆ.

ಪುಸ್ತಕದ ಬೆನ್ನು ಬಿಟ್ಟುಹೋಗಿತ್ತು, ಪುಟದ ಅಂಚು ಮುಟ್ಟಿದರೆ ಉದುರುತ್ತಿತ್ತು. 1914ರವರೆಗಿನ ಪುಟಗಳಲ್ಲಿ ಹೆಸರುಗಳೆಲ್ಲ ಕನ್ನಡದಲ್ಲಿವೆ. ಷರಾ ಮಾತ್ರ ಬೇರೆ ಲಿಪಿ. ಮೊನಚಾದ, ಬಲಕ್ಕೆ ವಾಲಿದ, ಬೇಲಿಯ ಕಡ್ಡಿ ನೆಟ್ಟ ಹಾಗಿರುವ ಅಕ್ಷರಗಳು. ಅದು ಹಳೆಯ ಜರ್ಮನ್ ಕೈಬರಹ, ಕುರೆಂಟ್ ಎನ್ನುತ್ತಾರೆ. ಈಗಿನ ಜರ್ಮನ್ನರಲ್ಲೂ ಹೆಚ್ಚಿನವರಿಗೆ ಓದಲು ಬರುವುದಿಲ್ಲ. ಪಿಜ್ಜನ ಹೆಸರಿನ ಎದುರಿಗೆ ಅಂಥದೊಂದು ಪದ ಇತ್ತು. ಓದಲು ಆಗಲಿಲ್ಲ, ಹಾಗಾಗಿ ಚಿತ್ರ ಬಿಡಿಸಿದ ಹಾಗೆ ನಕಲು ಮಾಡಿಕೊಂಡು ಬಂದೆ.

ಮನೆಗೆ ಬಂದು ಅಕ್ಷರಮಾಲೆಯ ಚಾರ್ಟ್ ಇಟ್ಟುಕೊಂಡು ಕೂತೆ. ಮೊದಲು "ಝಿಂಗ್ನಲ್ನಿ" ಎಂದು ಕಾಣಿಸಿತು. ಇದು ಊರಿನ ಹೆಸರೇ ಎಂದು ಎರಡು ದಿನ ಹುಡುಕಿದೆ. ಆಮೇಲೆ ತಿಳಿಯಿತು, ಆ ಬರಹದಲ್ಲಿ 'ಇ' (e) ಅಕ್ಷರ ನೋಡಲು 'ಎನ್' (n) ಥರವೇ ಇರುತ್ತದೆ. ಎರಡು ಸಣ್ಣ ಕಡ್ಡಿ, ನಡುವೆ ಒಂದು ಎಳೆ. 'ಯು' ಅಕ್ಷರವನ್ನು ಗುರುತಿಸಲಿ ಎಂದು ಅದರ ತಲೆಯ ಮೇಲೆ ಒಂದು ಪುಟ್ಟ ಬಿಲ್ಲು ಬರೆಯುತ್ತಿದ್ದರು. ಮೂರೂ ಕಡೆ 'ಎನ್' ತೆಗೆದು 'ಇ' ಹಾಕಿದೆ. ತ್ಸೀಗೆಲೈ (Ziegelei) ಆಯಿತು. ಅಂದರೆ ಇಟ್ಟಿಗೆ, ಹಂಚು ಮಾಡುವ ಜಾಗ. ಹಂಚಿನ ಕಾರ್ಖಾನೆ. ನೂರು ವರ್ಷಕ್ಕೂ ಹಿಂದೆ ಎಲ್ಲಿಂದಲೋ ಬಂದ ಒಬ್ಬ ಮನುಷ್ಯ ನನ್ನ ಪಿಜ್ಜನ ಬಗ್ಗೆ ಬರೆದ ಒಂದೇ ಒಂದು ಪದ. ಅದು ಬಿಡಿಸಿಕೊಂಡು ಎದುರಿಗೆ ನಿಂತಾಗ ನನಗೆ ಕಣ್ಣು ತುಂಬಿ ಬಂತು.

ಆಮೇಲಿನ ಪುಟಗಳನ್ನು ತಿರುಗಿಸುತ್ತಾ ಹೋದರೆ 1915ರ ಹೊತ್ತಿಗೆ ಆ ಮೊನಚು ಅಕ್ಷರ ನಿಂತುಹೋಗುತ್ತದೆ. ಒಂದು ಪುಟದ ಅರ್ಧದವರೆಗೆ ಇದೆ, ಅಲ್ಲಿಂದ ಕೆಳಗೆ ಷರಾ ಕಾಲಮ್ಮು ಕೂಡ ಕನ್ನಡ. ದುಂಡನೆಯ, ಶಾಲೆಯಲ್ಲಿ ಕಲಿತ ಶಿಸ್ತಿನ ಅಕ್ಷರ. ಮಸಿ ಸ್ವಲ್ಪ ತೆಳು. ನಡುವೆ ಗೆರೆ ಇಲ್ಲ, ವಿವರಣೆ ಇಲ್ಲ. ಕೈ ಬದಲಾಗಿದೆ, ಅಷ್ಟೇ.

ಏನಾಗಿತ್ತು ಎಂದರೆ, ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಆ ದೇಶ ಯುದ್ಧಕ್ಕೆ ಇಳಿದಿರಲಿಲ್ಲ. ಆದರೆ 1834ರಿಂದ ಇಲ್ಲಿಗೆ ಬಂದ ಮಿಶನರಿಗಳಲ್ಲಿ ಜಾಸ್ತಿ ಜನ ಜರ್ಮನ್ನರು, ಅದರಲ್ಲೂ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು. 1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧ ಸಾರಿದ ಮೇಲೆ ಅವರೆಲ್ಲ ಶತ್ರು ದೇಶದವರಾದರು. ನಿನ್ನೆವರೆಗೆ ಸಭೆಯಲ್ಲಿ ಪ್ರಸಂಗ ಮಾಡಿದವರು, ಶಾಲೆ ನಡೆಸಿದವರು, ಕಾರ್ಖಾನೆಯ ಲೆಕ್ಕ ನೋಡಿದವರು. ಗಂಡಸರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ಎಷ್ಟೋ ಕುಟುಂಬಗಳನ್ನು ಬೆಳಗಾವಿಯಲ್ಲಿ ಇಟ್ಟರು. 1915ರ ಕೊನೆಯಲ್ಲಿ ಮತ್ತು 1916ರಲ್ಲಿ ಗೋಲ್ಕೊಂಡ ಎಂಬ ಹಡಗು ಹತ್ತಿಸಿ ತುಂಬಾ ಜನರನ್ನು ವಾಪಸ್ ಕಳಿಸಿದರು.

ಅವರು ಹೋದ ಊರಾದರೂ ಮೊದಲಿನ ಹಾಗೆ ಉಳಿಯಿತಾ? 1918ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಕ್ರಾಂತಿ ಆಯಿತು. 9ನೇ ತಾರೀಕು ಕೈಸರನ, ಅಂದರೆ ಜರ್ಮನ್ ಚಕ್ರವರ್ತಿಯ, ಪಟ್ಟ ಹೋಯಿತು, ಅದೇ ತಿಂಗಳ ಕೊನೆಯಲ್ಲಿ ವುರ್ಟೆಂಬರ್ಗಿನ ರಾಜನೂ ಪಟ್ಟ ಬಿಟ್ಟ. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿಗೂ ಹೆಚ್ಚು ಮಾರ್ಕ್ ಕೊಡಬೇಕಾಯಿತು. ಅಲ್ಲಿನ ಹಳ್ಳಿಯ ವಿಧವೆಯರು ಬಿಡಿಗಾಸು ಕೂಡಿಸಿ ಮಿಶನಿಗೆ ಕಳಿಸುತ್ತಿದ್ದರು ಎಂದು ನಾವು ಸಭೆಯಲ್ಲಿ ಕೇಳುತ್ತಾ ಬೆಳೆದವರು. ಆ ವಿಧವೆಯರ ಡಬ್ಬಿಯ ದುಡ್ಡು ಆ ವರ್ಷ ಕಾಗದಕ್ಕೂ ಸಮ ಇರಲಿಲ್ಲ. ಒಂದೇ ಪುಸ್ತಕದ ಒಂದು ಸಾಲಿನಲ್ಲಿ ಬರೆದವನೂ ಇದ್ದಾನೆ, ಬರೆಸಿಕೊಂಡವನೂ ಇದ್ದಾನೆ. ಇಬ್ಬರ ಕಾಲಡಿಯ ನೆಲವೂ ಹತ್ತು ವರ್ಷದೊಳಗೆ ಹೋಯಿತು.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ಈ ಮಿಶನಿನ ಕಿಟೆಲ್, ಮೋಗ್ಲಿಂಗ್ ಎಂದರೆ ಕನ್ನಡಿಗರಿಗೆಲ್ಲ ಗೊತ್ತು, ಗೊತ್ತಿರಲೂಬೇಕು. ಆದರೆ ದೊರೆಗಳು ಹೋದ ಮೇಲೆ ಏನಾಯಿತು ಎಂದು ಕೇಳುವವರು ಕಡಿಮೆ. ಸಭೆ ಮುಚ್ಚಲಿಲ್ಲ. ಮಗು ಹುಟ್ಟಿದರೆ ದೀಕ್ಷಾಸ್ನಾನ ನಿಲ್ಲಲಿಲ್ಲ. ಸಂಬಳ ಎಲ್ಲಿಂದ ಬರುತ್ತದೆ ಎಂದು ಗೊತ್ತಿಲ್ಲದ ದಿನಗಳಲ್ಲಿ ಊರಿನ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮಾಸ್ತರರು ಸೇರಿ ಎಲ್ಲವನ್ನೂ ಹೊತ್ತುಕೊಂಡರು. ಆ ದುಂಡನೆಯ ಅಕ್ಷರದಲ್ಲಿ ಒಂದು ವಾರವೂ ತಪ್ಪಿಲ್ಲ. ಅಷ್ಟು ಕಾಲ ಷರಾ ಬರೆಯುವ ಕಾಲಮ್ಮು ಇನ್ನೊಬ್ಬರ ಭಾಷೆಯಲ್ಲಿತ್ತು, ಈಗ ನಮ್ಮ ಭಾಷೆಗೆ ಬಂತು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಕಾರ್ಖಾನೆಯ ಕಥೆ ಬೇರೆ. ಮತಾಂತರ ಆದವರಿಗೆ ಜಾತಿಯ ಕಸುಬು ತಪ್ಪುತ್ತಿತ್ತು, ಗದ್ದೆ ತಪ್ಪುತ್ತಿತ್ತು. ಅವರ ಹೊಟ್ಟೆಪಾಡಿಗೆ ಎಂದೇ ಮಿಶನಿನವರು ನೇಯ್ಗೆ, ಹಂಚಿನ ಕೆಲಸ ಶುರುಮಾಡಿದ್ದು. ನೇತ್ರಾವತಿ ಗುರುಪುರ ಹೊಳೆಗಳ ಬದಿಯ ಆವೆಮಣ್ಣು, ಸುಡಲು ಕಾಡಿನ ಸೌದೆ, ಸಾಗಿಸಲು ಹೊಳೆ, ಆಚೆ ಬಂದರು. ಮಂಗಳೂರು ಹಂಚು ಆಫ್ರಿಕಾದ ಪೂರ್ವ ಕರಾವಳಿಯವರೆಗೂ ಹೋಗುತ್ತಿತ್ತು. ಯುದ್ಧ ಬಂದ ಮೇಲೆ ಹಡಗುಗಳನ್ನು ಸೈನ್ಯಕ್ಕೆ ಎಳೆದುಕೊಂಡರು. ಸರಕು ಸಾಗಿಸಲು ಜಾಗ ಸಿಗುವುದೇ ಕಷ್ಟವಾಯಿತು. ನೇಯ್ಗೆಗೆ ಬೇಕಾದ ರಾಸಾಯನಿಕ ಬಣ್ಣ ಹೆಚ್ಚಾಗಿ ಜರ್ಮನಿಯಿಂದಲೇ ಬರುತ್ತಿತ್ತು, ಅದೂ ನಿಂತಿತು. ಖಾಕಿ ಬಣ್ಣ ಮೊದಲು ಹುಟ್ಟಿದ್ದು ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆಯಲ್ಲಿ ಎಂದು ನಮ್ಮೂರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಲೋಕದ ಅರ್ಧ ಸೈನ್ಯ ಆ ಬಣ್ಣ ತೊಟ್ಟು ಕಾದಾಡುವಾಗ ಅದೇ ಮಗ್ಗದ ಮನೆಯವರಿಗೆ ಗಂಜಿಗೂ ಲೆಕ್ಕ ಹಾಕುವ ಹಾಗಾಯಿತು. ಪಿಜ್ಜಿ ಹೇಳುತ್ತಿದ್ದದ್ದು ದೊಡ್ಡಮ್ಮನಿಗೆ ನೆನಪಿದೆ: ಅಕ್ಕಿ ಕಮ್ಮಿ, ನೀರು ಜಾಸ್ತಿ, ಮಕ್ಕಳಿಗೆ ಅಗುಳು, ದೊಡ್ಡವರಿಗೆ ತಿಳಿ.

ಕಾರ್ಖಾನೆಗಳನ್ನು ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡು, ಯುದ್ಧ ಮುಗಿಯುವ ಹೊತ್ತಿನಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ವಹಿಸಿತು. 1919ರ ವರ್ಸೇಲ್ಸ್ ಒಪ್ಪಂದದ 438ನೇ ವಿಧಿ ಜರ್ಮನ್ ಮಿಶನ್‌ಗಳ ಆಸ್ತಿಯ ಬಗ್ಗೆಯೇ ಇದೆ, ಕೂತು ಪೂರ್ತಿ ಓದಿದೆ. ಆಸ್ತಿ ವಿಶ್ವಸ್ತರಿಗೆ ಹೋಗಬೇಕು, ಮಿಶನ್ ಕೆಲಸಕ್ಕೇ ಬಳಕೆಯಾಗಬೇಕು ಎಂದಿದೆ. ಆವೆಮಣ್ಣು ತುಳಿದವರ ಬಗ್ಗೆ, ಭಟ್ಟಿಯ ಎದುರು ನಿಂತವರ ಬಗ್ಗೆ ಒಂದು ಪದ ಇಲ್ಲ. ಪ್ಯಾರಿಸ್‌ನಲ್ಲಿ ಕೂತವರಿಗೆ ಜೆಪ್ಪು ಗೊತ್ತಿರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಓದಿದಾಗ ಸಿಟ್ಟು ಬಂತು.

ಮೂರನೇ ಶನಿವಾರ 1918ರ ಪುಟ ಸಿಕ್ಕಿತು. ಆ ವರ್ಷದ ಇನ್‌ಫ್ಲುಯೆಂಜಾಕ್ಕೆ ಹಿಂದೂಸ್ತಾನದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಓಡಾಡುವ ಸೈನ್ಯ, ಹಡಗು, ರೈಲಿನ ಜೊತೆ ಊರೂರಿಗೆ ಬಂದ ಕಾಯಿಲೆ ಅದು. ಅಂಕಿ ಓದಿದರೆ ಏನೂ ಆಗುವುದಿಲ್ಲ. ರಿಜಿಸ್ಟರಿನಲ್ಲಿ ನೋಡಿದರೆ ಬೇರೆ. ಮರಣದ ಕಾಲಮ್ಮಿನಲ್ಲಿ ಬೇರೆ ತಿಂಗಳಲ್ಲಿ ಒಂದು, ಎರಡು ಹೆಸರು. ಅಕ್ಟೋಬರಿನಲ್ಲಿ ಒಂದು ಪುಟ ಸಾಕಾಗದೆ ಇನ್ನೊಂದಕ್ಕೆ ಹೋಗಿದೆ. ಕಾರಣ ಎಂಬ ಜಾಗದಲ್ಲಿ ಮೊದಲ ಹೆಸರಿಗೆ "ಜ್ವರ" ಎಂದು ಪೂರ್ತಿ ಬರೆದಿದ್ದಾರೆ. ಆಮೇಲೆ ಕೆಳಗಿನವರೆಗೂ ಬರೀ "ಜ್ವ", "ಜ್ವ", "ಜ್ವ". ಬರೆದು ಬರೆದು ಕೈ ಸೋತಿರಬೇಕು. ಆ ಸಾಲಿನಲ್ಲಿ ಹನ್ನೊಂದನೆಯದು ನನ್ನ ಪಿಜ್ಜ. 34 ವರ್ಷ. ಜ್ವ.

ಅಂದರೆ ಪಿಜ್ಜ ತೀರಿದ್ದು 1918ರಲ್ಲಿ. ಅಜ್ಜನಿಗೆ ಆಗ ಆರು ವರ್ಷ, ಕೆಳಗೆ ಇನ್ನಿಬ್ಬರು, ಮೇಲೆ ಒಬ್ಬಳು ಅಕ್ಕ. ಕಾಮನ್‌ವೆಲ್ತ್ ಹೆಸರಿನ ಹಂಚು ಬಂದದ್ದು ಅದರ ಆಮೇಲೆ. ಹಿಂದಿನ ಕೋಣೆ ಪಿಜ್ಜ ಕಟ್ಟಿಸಿದ್ದಲ್ಲ. ಪೆನ್ನು ಕೆಳಗಿಟ್ಟು ಸುಮ್ನೆ ಕೂತೆ. ಎದುರಿನ ಹಿರಿಯರು ನೀರು ಬೇಕಾ ಎಂದು ಕೇಳಿದರು.

ನಾಲ್ಕನೇ ಶನಿವಾರ ದೃಢೀಕರಣದ ಪಟ್ಟಿ ಹಿಡಿದು ಹೋದೆ. ಅಜ್ಜನ ಅಕ್ಕನ ಹೆಸರು 1922ರಲ್ಲಿ ಸಿಕ್ಕಿತು. ತಂದೆ: ಮೃತ. ತಾಯಿಯ ಹೆಸರಿನ ಎದುರಿಗೆ ದುಂಡನೆಯ ಕನ್ನಡದಲ್ಲಿ, "ಹಂಚಿನ ಕಾರ್ಖಾನೆ, ಕೂಲಿ."

ಗಂಡ ಸತ್ತ ಮೇಲೆ ಪಿಜ್ಜಿ ಅದೇ ಕಾರ್ಖಾನೆಗೆ ಹೋಗಿದ್ದಾರೆ. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರೂ ಹೇಳಲಿಲ್ಲ, ಅಜ್ಜನೂ ಹೇಳಲಿಲ್ಲ. ಅಜ್ಜ ಆಮೇಲೆ ಓದಿ ಮಾಸ್ತರರಾದರು. ಅಮ್ಮ ತಲೆಹೊರೆ ಹೊತ್ತಳು ಎಂದು ಹೇಳಿಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲವೋ ಏನೋ. ನಾನು ಅವರನ್ನು ದೂರುವುದಿಲ್ಲ. ಆದರೆ ಮುಚ್ಚಿಟ್ಟದ್ದಕ್ಕೆ ನೋವಾಗಿದೆ.

ಬಾಸೆಲ್ ಮಿಶನಿನ ದಾಖಲೆ ಈಗ ಬಾಸೆಲ್‌ನ ಮಿಶನ್ 21 ಸಂಸ್ಥೆಯ ಕೈಯಲ್ಲಿದೆ. ಹಳೆಯ ಫೋಟೊಗಳನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಅಲ್ಲಿ ನಮ್ಮ ಹಂಚಿನ ಕಾರ್ಖಾನೆಗಳ ಫೋಟೊಗಳಿವೆ. ಸಾಲಾಗಿ ನಿಂತ ಕೆಲಸದವರ ನಡುವೆ ಹೆಂಗಸರೂ ಇದ್ದಾರೆ. ಅವರ ಮುಖಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಆ ರಾತ್ರಿ ಅಡುಗೆಮನೆಯ ತಕ್ಕಡಿಯ ಮೇಲೆ ಹಿಂದಿನ ಕೋಣೆಯ ಒಂದು ಹಂಚು ಇಟ್ಟು ತೂಗಿದೆ. ಎರಡು ಕಿಲೋ ಮುನ್ನೂರು ಗ್ರಾಂ. ಹತ್ತು ಹಂಚು ಹೊತ್ತರೆ 23 ಕಿಲೋ. ದಿನಕ್ಕೆ ಎಷ್ಟು ಸಲ, ವಾರಕ್ಕೆ ಆರು ದಿನ, ವರ್ಷಗಟ್ಟಲೆ. ದೊಡ್ಡಮ್ಮ ಹೇಳಿದ ಆ ಬೋಳು ನೆತ್ತಿ ನೆನಪಾಯಿತು. ಅಂಗೈ ಅಗಲ. ಅದು ಕಾಯಿಲೆ ಅಲ್ಲ.

ಊರಿಗೆ ಹೋಗಿ ದೊಡ್ಡಮ್ಮನಿಗೆ ಎಲ್ಲ ಓದಿ ಹೇಳಿದೆ. ಅವರು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಆ ಕೋಣೆಯಲ್ಲಿ ಅಜ್ಜಿ ಮಲಗಲೇ ಇಲ್ಲ. ಅದನ್ನು ಬಾಡಿಗೆಗೆ ಕೊಟ್ಟಿದ್ರು, ನಮ್ಮ ಅಪ್ಪನ ಶಾಲೆ ಫೀಸು ಅದರಿಂದಲೇ ಅಂತ ಒಮ್ಮೆ ಹೇಳಿದ್ರು. ನಿನ್ನ ಅಮ್ಮ ಹುಟ್ಟಿದ್ದೂ ಅದೇ ಕೋಣೆಯಲ್ಲಿ" ಎಂದರು. ಬೈಬಲ್ ತರಲು ಹೇಳಿದರು. ಅಜ್ಜನ ಆ ಸಾಲಿನ ಕೆಳಗೆ ಬೆರಳಿಟ್ಟು, "ಇಲ್ಲಿ ಬರಿ" ಎಂದರು. ಬರೆದೆ: "ಹಿಂದಿನ ಕೋಣೆಯನ್ನು ನಮ್ಮ ಅಜ್ಜಿ ಕಟ್ಟಿಸಿದರು." ವರ್ಷ ಹಾಕಲಿಲ್ಲ.

ಮುಂದಿನ ಮನೆಯ ಹಂಚುಗಳನ್ನು ರೆಸಾರ್ಟಿನವರು ಲಾರಿಯಲ್ಲಿ ಒಯ್ದರು. ಹಿಂದಿನ ಕೋಣೆಯದ್ದು 410 ಇವೆ, ಹಲಸಿನ ಮರದ ಬುಡದಲ್ಲಿ ಜೋಡಿಸಿಟ್ಟಿದ್ದೇವೆ. ಅವಕ್ಕೂ ಒಳ್ಳೆ ರೇಟು ಕೊಡುತ್ತೇನೆ ಎಂದು ಅವರು ಎರಡು ಸಲ ಫೋನ್ ಮಾಡಿದರು. ದೊಡ್ಡಮ್ಮ ಫೋನ್ ತೆಗೆದುಕೊಂಡು "ಅದು ಕೊಡುವುದಿಲ್ಲ" ಎಂದು ಇಟ್ಟರು. ಹೊಸ ಮನೆಯ ಜಗಲಿಗೆ ಅದನ್ನೇ ಹೊದಿಸುವುದು. ಮೇಸ್ತ್ರಿ ಹೊಸ ರೀಪು ಕೊಯ್ಯಿಸಿ ತಂದಿದ್ದಾರೆ. ಮಳೆಗೆ ಮೊದಲು ಮುಗಿಯಬೇಕು.